ಅತ್ತಿಗೆಯ ಎಂಟು ಸಿಲಿಂಡರು

ನಮ್ಮ ಅತ್ತಿಗೆಯ ಕೈಗೆ ಸಿಕ್ಕ ಯಾವ ಯಂತ್ರವೂ ಹುಟ್ಟಿದ ಹಾಗೆ ಸತ್ತದ್ದಿಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿದ್ದೇನೋ ದೂರಾಗಿ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಅವರ ಮಿಕ್ಸಿಗೆ ಹೊಲಿಗೆ ಯಂತ್ರದ ಸ್ವಿಚ್ಚಿದೆ. ಹೊಲಿಗೆ ಯಂತ್ರಕ್ಕೆ ಯಾವುದೋ ಫ್ಯಾನಿನ ಮೋಟರಿದೆ. ವಾಷಿಂಗ್ ಮಷೀನಿನ ಹೊಟ್ಟೆಯಲ್ಲಿ ಏನೇನಿದೆಯೋ ಆ ಉಡುಪಿ ಕೃಷ್ಣನಿಗೇ ಗೊತ್ತು; ಅದು ತಿರುಗತೊಡಗಿದರೆ ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ತಾನೇ ನಡೆದುಕೊಂಡು ಹೋಗುತ್ತದೆ! ಕೇಳಿದರೆ, "ಅದಕ್ಕೂ ಸ್ವಲ್ಪ ವಾಕಿಂಗ್ ಬೇಡ್ವಾ ಮಾರಾಯ?" ಎನ್ನುತ್ತಾರೆ.

ಇಂಥವರ ಕೈಗೆ ಒಂದು ಅಮೆರಿಕನ್ ಮಸಲ್ ಕಾರು ಸಿಕ್ಕರೆ ಏನಾಗಬೇಡ?

ಮಸಲ್ ಕಾರು ಎಂದರೇನೆಂದು ನನಗೂ ಮೊದಲು ಗೊತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡು ಬಾಗಿಲಿನ ಉದ್ದ ಮೂತಿಯ ಕಾರು. ಬಾನೆಟ್ ಎತ್ತಿದರೆ ಲಾರಿಗೆ ಸಾಲುವಷ್ಟು ದೊಡ್ಡ ಎಂಟು ಸಿಲಿಂಡರಿನ ಎಂಜಿನ್. ಅಮೆರಿಕದಲ್ಲಿ ಪೆಟ್ರೋಲು ನೀರಿನಂತೆ ಸಿಗುತ್ತಿದ್ದ ಕಾಲದಲ್ಲಿ ಪಡ್ಡೆ ಹುಡುಗರಿಗಾಗಿ ಮಾಡಿದ್ದಂತೆ. ಅತ್ತಿಗೆಯ ಕಾರು ನನಗಿಂತ ಒಂದು ವರ್ಷ ದೊಡ್ಡದು. ನನ್ನ ಮೊಣಕಾಲಿಗೆ ಈಗಾಗಲೇ ಸವೆತ. ಅದರ ಸವೆದ ಕೀಲುಗಳನ್ನೆಲ್ಲ ಅತ್ತಿಗೆ ಬದಲಾಯಿಸಿಯಾಗಿದೆ.

ಅಣ್ಣ ಅತ್ತಿಗೆ ಇಬ್ಬರೂ ಉಡುಪಿಯ ಕಡೆಯವರು. ಅಣ್ಣ ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದು ಈಗ ನಿವೃತ್ತ. ಮಾತು ಕಡಿಮೆ. ದೋಸೆ ಕಾವಲಿಯ ಎದುರು ಮಾತಾಡುತ್ತ ನಿಂತರೆ ದೋಸೆ ಸೀಯುತ್ತದೆ ಎನ್ನುವುದು ಅವನ ಜೀವನದರ್ಶನ. ಅತ್ತಿಗೆ ಕ್ವೀನ್ಸ್‌ಬರಿಯ ಮನೆಯಲ್ಲೇ ರವಿಕೆ, ಪರದೆ ಹೊಲಿಯುತ್ತಿದ್ದರು. ಮನೆಯ ಹಿಂದಿನ ಗಲ್ಲಿಯಲ್ಲಿ ಹಳೇ ಕಾರುಗಳಿಗೆ ಜೀವ ತುಂಬುವ ಐರಿಶ್ ಮುದುಕನೊಬ್ಬನ ಗ್ಯಾರೇಜು. ಒಂದು ದಿನ ಆತ, "ಕಾರಿನ ಸೀಟಿಗೆ ಚರ್ಮ ಹೊಲಿದುಕೊಡ್ತೀರಾ?" ಎಂದು ಬಾಗಿಲು ತಟ್ಟಿದ. ಅಳತೆ ತೆಗೆಯಲು ಹೋದ ಅತ್ತಿಗೆ ಮೂರು ಗಂಟೆ ಮನೆಗೆ ಬರಲಿಲ್ಲ. ಬಂದಾಗ ಮೊಣಕೈಯವರೆಗೆ ಕರಿ ಬಳಿದಿತ್ತು.

"ಸೀಟು ಎಂತ ಮಾರಾಯ, ಸೀಟು ಯಾರು ಬೇಕಾದ್ರೂ ಹೊಲೀತಾರೆ. ಆ ಎಂಜಿನ್ ನೋಡ್ಬೇಕು ನೀನು! ಪೇಟೆಯ ಹಿತ್ತಾಳೆ ಅಂಗಡಿ ಥರ ಉಂಟು!" ಎಂದರು ನನ್ನ ಹತ್ತಿರ.

ಹತ್ತು ವರ್ಷ ಸೀಟು ಹೊಲಿಯುವ ನೆಪದಲ್ಲಿ ಅತ್ತಿಗೆ ಆ ಗ್ಯಾರೇಜಿನಲ್ಲಿ ಎಲ್ಲವನ್ನೂ ಕಲಿತರು. ಮುದುಕ ಮಗಳ ಮನೆಗೆಂದು ಸ್ಪೇನಿಗೆ ಹೊರಟಾಗ, "ಇಲ್ಲಿ ನಿನಗೆ ಬೇಕಾದ್ದು ಏನಾದರೂ ತೆಗೆದುಕೋ" ಎಂದ. ಅವನ ಮನಸ್ಸಿನಲ್ಲಿದ್ದದ್ದು ಹೊಲಿಗೆಯ ಮೇಜು. ಅತ್ತಿಗೆ ಬೆರಳು ತೋರಿಸಿದ್ದು ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತಿದ್ದ ಈ ಕಾರಿನ ಕಡೆಗೆ!

ಅದನ್ನು ಮನೆಗೆ ತಂದ ದಿನ ನಾನೂ ಇದ್ದೆ. ಎಂಜಿನ್ ಕೆಟ್ಟಿತ್ತು, ಐದು ಜನ ತಳ್ಳಬೇಕು, ಒಬ್ಬರು ಒಳಗೆ ಕೂತು ತಿರುಗಿಸಬೇಕು. ತಳ್ಳಲು ಶಕ್ತಿ ಸಾಲದ ಅಣ್ಣನಿಗೆ ಒಳಗಿನ ಹುದ್ದೆ ಸಿಕ್ಕಿತು. ಅವನು ಬಲಬಾಗಿಲು ತೆರೆದು ಗಂಭೀರವಾಗಿ ಕುಳಿತ. ನಾವು ತಳ್ಳಿದೆವು. ತಿರುವು ಬಂತು. ಕಾರು ತಿರುಗಲಿಲ್ಲ. ಯಾರದೋ ಗುಲಾಬಿ ಗಿಡದ ಕಡೆಗೆ ನೇರವಾಗಿ ಹೊರಟಿತು.

"ತಿರುಗಿಸಿ! ತಿರುಗಿಸಿ!" ಎಂದು ಅತ್ತಿಗೆ ಹಿಂದಿನಿಂದ ಕೂಗಿದರು.

"ಎಂತದ್ದು ತಿರುಗಿಸುದು? ಇಲ್ಲಿ ಸ್ಟೀರಿಂಗೇ ಇಲ್ಲ!" ಎಂದು ಒಳಗಿನಿಂದ ಅಣ್ಣ.

ಅಮೆರಿಕನ್ ಕಾರಿಗೆ ಸ್ಟೀರಿಂಗ್ ಎಡಗಡೆ ಇರುತ್ತದೆಂದು ಅವನಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಗುಲಾಬಿ ಗಿಡ ಹೋಯಿತು. ಅಣ್ಣ ಅಂದಿನಿಂದ ಆ ಕಾರನ್ನು ನಂಬಲಿಲ್ಲ.

ಅತ್ತಿಗೆ ಅದರ ಒಂದೊಂದೇ ಅಂಗ ಬಿಚ್ಚಿ, ಹಳೆಯದನ್ನು ತೆಗೆದು, ಅದಕ್ಕಿಂತ ಒಳ್ಳೆಯದನ್ನು ಹಾಕತೊಡಗಿದರು. ಅಣ್ಣನ ಹಳೇ ಹೋಟೆಲ್ ಏಪ್ರನ್ನು, ತಲೆಗೊಂದು ಬಟ್ಟೆ, ಫ್ಯಾನ್ ಬೆಲ್ಟಿಗೆ ಸಿಕ್ಕೀತೆಂದು ರವಿಕೆಯೊಳಗೆ ಸೇರಿಸಿದ ಕರಿಮಣಿ. ಅವರ ಮನೆಯ ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲಿದೆ. ಆ ಬಾಗಿಲನ್ನು ಅತ್ತಿಗೆ ಎಂದೂ ಗೌರವಿಸಿದವರಲ್ಲ. ಹಿತ್ತಾಳೆಯ ಸಣ್ಣ ಭಾಗಗಳೆಲ್ಲ ದೇವರ ದೀಪದ ಜೊತೆ ಹುಣಿಸೆಹಣ್ಣಿನ ನೀರಿನಲ್ಲಿ ನೆನೆಯುತ್ತಿದ್ದವು. ಫ್ರೀಜರಿನಲ್ಲಿ ತುರಿದ ಕಾಯಿಯ ಪ್ಯಾಕೆಟ್ಟಿನ ಪಕ್ಕ ಉಕ್ಕಿನ ಬಳೆಯೊಂದು ಮಲಗಿರುತ್ತಿತ್ತು. ತಣ್ಣಗಾದರೆ ಅದು ಕುಗ್ಗುತ್ತದೆ, ಚಕ್ರದೊಳಗೆ ಸಲೀಸಾಗಿ ಕೂರುತ್ತದೆ ಎಂದು ವಿವರಣೆ.

ಕುಗ್ಗಬೇಕಾದ್ದು ಫ್ರೀಜರಿಗೆ. ಹಿಗ್ಗಬೇಕಾದ್ದು? ಒಂದು ನವರಾತ್ರಿಗೆ ನಾನು, ಹೆಂಡತಿ, ಮಗಳು ಮೂವರೂ ರೇನರ್ಸ್ ಲೇನಿನ ನಮ್ಮ ಮನೆಯಿಂದ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಎಣ್ಣೆ, ಎಣ್ಣೆಯಲ್ಲಿ ದುಂಡಗೆ, ನಡುವೆ ತೂತಿರುವ ಏನೋ. ಮೈಸೂರಿನವಳಾದ ನನ್ನ ಹೆಂಡತಿ, "ಅಯ್ಯೋ, ಉದ್ದಿನ ವಡೆ ಕರೀತಿದ್ದೀರಾ? ನಾನು ತೆಗೀತೀನಿ ಇರಿ" ಎಂದು ಸಂಭ್ರಮದಿಂದ ಜಾಲರಿ ಸೌಟು ಹಿಡಿದಳು. ತಟ್ಟೆಗೆ ಬಿದ್ದ ವಡೆ ಠಣ್ ಎಂದಿತು. ಕನ್ನಡ ಪೂರ್ತಿ ಅರ್ಥವಾಗಿಯೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಹತ್ತಿರ ಹೋಗಿ ಪರೀಕ್ಷಿಸಿ ಘೋಷಿಸಿದಳು: "ಡ್ಯಾಡ್, ದಿಸ್ ವಡಾ ಈಸ್ ಮೆಟಲ್!"

"ಬೇರಿಂಗ್ ಅದು! ಮುಟ್ಬೇಡಿ, ಹದ ಹೋಗ್ತದೆ!" ಎನ್ನುತ್ತ ಅತ್ತಿಗೆ ಇಕ್ಕಳದಲ್ಲಿ ಅದನ್ನೆತ್ತಿಕೊಂಡು ಗ್ಯಾರೇಜಿಗೆ ಓಡಿದರು. ನಿಜವಾದ ವಡೆ ಆಮೇಲೆ ಬಂತು. ಅದೇ ಎಣ್ಣೆಯದೋ ಬೇರೆ ಎಣ್ಣೆಯದೋ ಎಂದು ಕೇಳುವ ಧೈರ್ಯ ಯಾರಿಗಿದೆ?

ಬಿಡಿಭಾಗಗಳು ಅಮೆರಿಕದಿಂದಲೇ ಬರಬೇಕು. ಆದ್ದರಿಂದ ಪರಿಚಯದವರಲ್ಲಿ ಯಾರು ಅಮೆರಿಕಕ್ಕೆ ಹೊರಟರೂ ಅತ್ತಿಗೆಗೆ ಅವರ ಮೇಲೆ ಹಠಾತ್ತನೆ ವಾತ್ಸಲ್ಯ ಉಕ್ಕುತ್ತದೆ. ಒಮ್ಮೆ ಆಫೀಸಿನ ಕೆಲಸಕ್ಕೆ ನಾನು ಹೋದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಹೊಸ ಕಾರ್ಬ್ಯುರೇಟರ್ ತರಬೇಕೆಂದು ಅಪ್ಪಣೆಯಾಯಿತು. ಹಳೆಯದಕ್ಕೆ ಎರಡು ಬಾಯಿ, ಹೊಸದಕ್ಕೆ ನಾಲ್ಕು. ಅದರ ಭಾರಕ್ಕೆ ಸೂಟ್‌ಕೇಸ್ ಒಪ್ಪದೆ ಕೈಚೀಲದಲ್ಲಿಟ್ಟುಕೊಂಡು ವಾಪಸು ಹೊರಟೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ತೆರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಏನಿದು?" ಎಂದ.

ನಾನು ಅತ್ತಿಗೆ ಹೇಳಿಕೊಟ್ಟಿದ್ದನ್ನೇ ನಿಷ್ಕಪಟವಾಗಿ ಒಪ್ಪಿಸಿದೆ: "ಫೋರ್ ಬ್ಯಾರಲ್, ಸರ್."

ಬ್ಯಾರಲ್ ಎಂದರೆ ಬಂದೂಕಿನ ನಳಿಗೆಯೂ ಹೌದೆಂಬುದು ನನಗೆ ಹೊಳೆದದ್ದು ಸುತ್ತ ನಾಲ್ಕು ಜನ ಅಧಿಕಾರಿಗಳು ನಿಂತ ಮೇಲೆ! ಚೀಲ ಬಿಚ್ಚಿಸಿದರು. ಅಣ್ಣನಿಗೆಂದು ತಂದ ಬನಿಯನ್ನಿನಲ್ಲಿ ಸುತ್ತಿದ್ದ ಕಾರ್ಬ್ಯುರೇಟರ್ ಹೊರಬಂತು. ದಪ್ಪ ಮೀಸೆಯ ಹಿರಿಯ ಅಧಿಕಾರಿಯ ಮುಖ ಅರಳಿತು. "ಯಾವ ಎಂಜಿನ್ನಿಗೆ?" ನನಗೇನು ಗೊತ್ತು? ಅತ್ತಿಗೆಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಹತ್ತು ನಿಮಿಷ ಇಬ್ಬರೂ ಮಾತಾಡಿದರು. ನನ್ನ ಹಿಂದಿನ ಸಾಲು ಶಪಿಸುತ್ತ ಬೆಳೆಯಿತು. ಕೊನೆಗೆ ಆತ ಫೋನು ಮರಳಿಸಿ, "ನಿಮ್ಮ ಅತ್ತಿಗೆ ದೊಡ್ಡ ಮನುಷ್ಯರು" ಎಂದು ನನ್ನ ಬೆಲ್ಟನ್ನು ತಾನೇ ಎತ್ತಿಕೊಟ್ಟ. ನನ್ನ ಇಪ್ಪತ್ತು ವರ್ಷದ ಐಟಿ ಸೇವೆಗೆ ಯಾರೂ ಹಾಗೆ ಬೆಲ್ಟ್ ಎತ್ತಿಕೊಟ್ಟದ್ದಿಲ್ಲ.

ನಾಲ್ಕು ಬಾಯಿ ಬಂದ ಮೇಲೆ ಕಾರು ನಾಲ್ಕು ಬಾಯಲ್ಲೂ ಕುಡಿಯತೊಡಗಿತು. ತಮಾಷೆ ನೋಡಿ, ಲಂಡನ್ನಿನಲ್ಲಿ ಹೊಗೆ ಉಗುಳುವ ಗಾಡಿಗಳಿಗೆ ದಿನಕ್ಕಿಷ್ಟೆಂದು ಸುಂಕವಿದೆ. ನನ್ನ ಹಳೇ ಪುಟ್ಟ ಡೀಸೆಲ್ ಕಾರು ಸುಂಕ ಕೊಡಲಾರದೆ ಗುಜರಿಗೆ ಹೋಯಿತು. ಅತ್ತಿಗೆಯ ಭೂತಕ್ಕೆ ಮಾತ್ರ ಪೂರ್ಣ ವಿನಾಯಿತಿ! ಯಾಕೆಂದರೆ ಅದು ಹಳೆಯದಲ್ಲ, 'ಐತಿಹಾಸಿಕ'. ವಯಸ್ಸಾದರೆ ಸಾಲದು, ಸಾಕಷ್ಟು ವಯಸ್ಸಾಗಬೇಕು ಎಂಬ ಪಾಠ ಕಲಿತೆ.

ಆ ವರ್ಷ ಯುಗಾದಿಗೆ ಹ್ಯಾರೋದ ಶಾಲೆಯೊಂದರ ಹಾಲಿನಲ್ಲಿ ಕನ್ನಡಿಗರೆಲ್ಲ ಸೇರಿದ್ದೆವು. ಅತ್ತಿಗೆ ರೇಷ್ಮೆ ಸೀರೆಯಲ್ಲಿ ಸೊಂಟ ನೀವಿಕೊಳ್ಳುತ್ತ ಕುಳಿತಿದ್ದರು. ಹೊಸದಾಗಿ ಬೆಂಗಳೂರಿನಿಂದ ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, "ಯಾಕೆ ಆಂಟಿ, ಸುಸ್ತಾ?" ಎಂದಳು.

"ಸುಸ್ತಲ್ಲ ಮಾರಾಯ್ತಿ. ಹೋದ ವಾರ ಮುಂದಿನ ಎರಡು ತೆಗ್ದು ಡಿಸ್ಕ್ ಹಾಕಿದ್ದು. ಅದರ ನೋವು."

"ಅಯ್ಯೋ ದೇವ್ರೇ! ಡಿಸ್ಕಾ? ಒಂದೇ ಸಲಕ್ಕೆ ಎರಡು? ಜಿಪಿ ಡಾಕ್ಟರು ಬೇಗ ರೆಫರ್ ಮಾಡಿದ್ರಾ? ಆಪರೇಷನ್ ಯಾರು ಮಾಡಿದ್ದು?"

"ಯಾರಿಗೆ ಯಾಕೆ ಕೊಡ್ಬೇಕು? ನಾನೇ ಮಾಡಿದೆ, ಗ್ಯಾರೇಜಲ್ಲಿ. ಇವ್ರು ಟಾರ್ಚ್ ಹಿಡಿದ್ರು."

ಆ ಹೆಂಗಸು ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಅತ್ತಿಗೆ ಹೇಳಿದ್ದು ಮುಂದಿನ ಚಕ್ರಗಳ ಹಳೇ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಹಾಕಿದ ಸಂಗತಿ ಎಂದು ಅವಳಿಗೆ ತಿಳಿಸಲು ನಾನು ಹಿಂದೆ ಓಡಿದೆ. ಅವಳು ಇನ್ನೂ ಜೋರಾಗಿ ಓಡಿದಳು.

ಅದಾದ ಮೇಲೆ ಅತ್ತಿಗೆಯ ಕಣ್ಣು ಹೊಗೆಕೊಳವೆಯ ಮೇಲೆ ಬಿತ್ತು. ತೋಳು ಹೋಗುವಷ್ಟು ದಪ್ಪದ ಹೊಸ ಕೊಳವೆಗಳು ಬಂದವು. ಎಂಜಿನ್ನಿಗೆ ಸರಾಗವಾಗಿ ಉಸಿರಾಟವಾಯಿತು, ಬೀದಿಗೆ ಉಸಿರುಗಟ್ಟಿತು. ಅತ್ತಿಗೆ ಟ್ಯೂಬ್ ರೈಲಿನ ಸ್ಟೇಷನ್ನಿನ ಹತ್ತಿರ ತಿರುಗುವಾಗಲೇ ಮನೆಯ ಕಿಟಕಿಗಳು ಗುಡುಗುಡು ಎನ್ನುತ್ತಿದ್ದವು. ಪಕ್ಕದ ಮನೆಯಲ್ಲಿ ನಿವೃತ್ತ ಪಿಯಾನೊ ಟೀಚರ್, ಒಂಟಿ ಇಂಗ್ಲಿಷ್ ಮುದುಕಿ. ಸಹನೆಯ ಹೆಂಗಸು. ಒಂದು ತಿಂಗಳು ಸಹಿಸಿ ಬಾಗಿಲಿಗೆ ಬಂದಳು. "ನಿಮ್ಮ ಕಾರು ನನ್ನ ಕಪಾಟಿನ ಕಪ್ಪುಗಳನ್ನೆಲ್ಲ ಬಾರಿಸುತ್ತದೆ. ಅದೂ ಬೇಸುರಾಗಿ" ಎಂದಳು. ಅದೇ ವಾರ ಸದ್ದಿನ ಬಗ್ಗೆ ಊರಿನ ಕೌನ್ಸಿಲ್ಲಿನಿಂದಲೂ ಕಾಗದ ಬಂತು. ಅತ್ತಿಗೆ ಎರಡು ದಿನ ಗೊಣಗಿ, ಮೂರನೆಯ ದಿನ ದೊಡ್ಡ ಸೈಲೆನ್ಸರ್ ಹಾಕಿದರು. ಕಾರು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೆ ಹೋಗತೊಡಗಿತು. ಬೀದಿ ನಿದ್ದೆ ಮಾಡಿತು.

ಈ ಇಷ್ಟೂ ವರ್ಷ ಅಣ್ಣನದು ಒಂದೇ ಕೆಲಸ: ಟಾರ್ಚ್ ಹಿಡಿಯುವುದು. ಲೋಕದಲ್ಲಿ ಎಲ್ಲ ದಾಂಪತ್ಯದಲ್ಲೂ ಒಬ್ಬರು ರಿಪೇರಿ ಮಾಡುತ್ತಾರೆ, ಇನ್ನೊಬ್ಬರು ಟಾರ್ಚ್ ಹಿಡಿದು ಬೈಸಿಕೊಳ್ಳುತ್ತಾರೆ. ಅಣ್ಣ ಚೆನ್ನಾಗಿಯೇ ಹಿಡಿಯುತ್ತಿದ್ದ. ಆದರೆ ಹೋದ ಚಳಿಗಾಲದ ಒಂದು ಮಧ್ಯಾಹ್ನ ನಾನು ಹೋದಾಗ, ಕಾರಿನಡಿಯಿಂದ ಅತ್ತಿಗೆಯ ದನಿ ಎಂದಿಗಿಂತ ಜೋರಾಗಿ ಕೇಳುತ್ತಿತ್ತು.

"ಎಲ್ಲಿಗೆ ಹಿಡೀತೀರಿ? ಬೋಲ್ಟಿಗೆ ಹಿಡೀರಿ ಅಂದ್ರೆ ಗೋಡೆಗೆ ಹಿಡೀತೀರಲ್ಲ! ಒಂದು ವಾರದಿಂದ ಹೀಗೇ!"

"ಬೋಲ್ಟಿಗೇ ಹಿಡಿದದ್ದು" ಎಂದ ಅಣ್ಣ.

"ಎಂತ ಬೋಲ್ಟು! ನಿಮ್ಮ ಎದುರೇ ಉಂಟಲ್ಲ, ಕಾಣುದಿಲ್ವಾ?"

ಅಣ್ಣ ಟಾರ್ಚ್ ಕೆಳಗಿಟ್ಟ. ಆಮೇಲೆ, ದೋಸೆ ಇನ್ನೊಂದು ಬೇಕೇ ಎಂದು ಕೇಳುವ ದನಿಯಲ್ಲೇ ಹೇಳಿದ: "ಎದುರಿದ್ದದ್ದು ಕಾಣುದಿಲ್ಲ. ಬದಿಯಲ್ಲಿದ್ದದ್ದು ಕಾಣ್ತದೆ."

ಕಾರಿನಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಅತ್ತಿಗೆ ಹೊರಬಂದರು. "ಯಾವಾಗಿಂದ?"

"ದೀಪಾವಳಿಯಿಂದ. ನಿನಗೆ ಕೆಲಸ ಇತ್ತಲ್ಲ."

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಎರಡೂ ಕಣ್ಣಿನ ಹಿಂಪರದೆಯ ನಡುಭಾಗ ಸವೆಯುತ್ತಿದೆ. ಅಂಚಿನ ನೋಟ ಉಳಿಯುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಮಂಜಾಗುತ್ತ ಹೋಗುತ್ತದೆ. ಈ ಬಗೆಯದನ್ನು ಹಿಂದಕ್ಕೆ ತರಲಾಗದು. ಅತ್ತಿಗೆ ಎಲ್ಲ ಕೇಳಿ, ಅಂಗಡಿಯವನನ್ನು ಕೇಳುವಂತೆ, ತಮ್ಮ ಉಡುಪಿ ಇಂಗ್ಲಿಷಿನಲ್ಲಿ ಕೇಳಿದರು: "ಆ ಭಾಗ ಬದಲಿಸ್ಲಿಕ್ಕೆ ಆಗುದಿಲ್ವಾ ಡಾಕ್ಟರ್?"

"ಇಲ್ಲ."

"ಹಳೇದಾದ್ರೂ ಆಗ್ತದೆ. ನನ್ನದೊಂದು ತೆಗೆದು ಹಾಕಿದ್ರೆ?"

ಡಾಕ್ಟರು ನಗಲಿಲ್ಲ. "ಅದು ಸಾಧ್ಯವಿದ್ದಿದ್ದರೆ ನಾನೇ ಹೇಳುತ್ತಿದ್ದೆ" ಎಂದರು. ಅತ್ತಿಗೆ ಥ್ಯಾಂಕ್ಸ್ ಹೇಳಿ ಎದ್ದರು. ಮರಳುವ ದಾರಿಯುದ್ದಕ್ಕೂ ಗುಜರಿಯದಕ್ಕೆ ಬದಲಾಗಿ ಕೊಂಡ ನನ್ನ ಸೆಕೆಂಡ್‌ಹ್ಯಾಂಡ್ ಕಾರಿನ ಕ್ಲಚ್ ಕಿರುಗುಟ್ಟುತ್ತಿತ್ತು. ಅದನ್ನೂ ಅವರು ಟೀಕಿಸಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಎರಡು ತಿಂಗಳು ಆ ಬಾನೆಟ್ ತೆರೆಯಲಿಲ್ಲ. ಅಂಗಡಿಗೆ ಹೋಗಿ ಬರಲಷ್ಟೇ ಕಾರು ಹೊರಗೆ ಬರುತ್ತಿತ್ತು. ಒಂದು ದಿನ ಅತ್ತಿಗೆ ಹಾಗೆ ಹೋಗಿ ಬಂದು, ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟರು. ಅಣ್ಣ ಲೋಟಕ್ಕೆ ಬಿಸಿನೀರು ಹುಯ್ಯುತ್ತಿದ್ದ. ಪಕ್ಕದಲ್ಲಿ ಏನೋ ಅಲುಗಾಡಿದ್ದು ಕಂಡು ಬೆಚ್ಚಿದ; ನೀರು ಮಣಿಕಟ್ಟಿನ ಮೇಲೆ ಬಿತ್ತು. ದೊಡ್ಡ ಸುಟ್ಟಗಾಯವೇನಲ್ಲ. ಮೂವತ್ತು ವರ್ಷ ಕಾವಲಿಯ ಎದುರು ನಿಂತವನಿಗೆ ಅದು ಗಾಯವೇ ಅಲ್ಲ. ಅತ್ತಿಗೆ ತಣ್ಣೀರಿನಡಿ ಕೈ ಹಿಡಿದಿರುವಾಗ ಅಣ್ಣ ಹೇಳಿದನಂತೆ:

"ಯಾರೋ ಅಂತ ಹೆದರಿದೆ ಮಾರಾಯ್ತಿ. ನೀನು ಬಂದದ್ದೇ ಗೊತ್ತಾಗ್ಲಿಲ್ಲ. ಮೊದ್ಲಾದ್ರೆ ಸ್ಟೇಷನ್ ಹತ್ರ ಬರುವಾಗ್ಲೇ ಗೊತ್ತಾಗ್ತಿತ್ತು. ಆಗ ಹಾಲು ಒಲೆಗಿಟ್ರೆ ನೀನು ಬರುವಾಗ ಸರೀ ಕಾಫಿ."

ಮರುದಿನ ಬೆಳಿಗ್ಗೆ ನನಗೆ ಫೋನು ಬಂತು. "ಹೋಯ್, ನಿಂಗೆ ಕೆಲಸ ಉಂಟಾ? ಇಲ್ದಿದ್ರೆ ಬಾ. ಟಾರ್ಚ್ ಹಿಡೀಲಿಕ್ಕೆ ಜನ ಬೇಕು."

ನಾನು ಹೋದೆ. ಬೈಸಿಕೊಂಡೆ. ಅತ್ತಿಗೆ ಮಾಡಿದ್ದು ಇಷ್ಟು: ಸೈಲೆನ್ಸರಿಗೆ ಮುಂಚೆ ಹೊಗೆಕೊಳವೆಗೆ ತೂತು ಕೊರೆದು ಒಂದು ಪುಟ್ಟ ಬಾಗಿಲು ಕೂರಿಸಿದರು. ಬಾಗಿಲಿಗೆ ತಂತಿ, ತಂತಿಯ ತುದಿಗೆ ಸೀಟಿನ ಪಕ್ಕ ಒಂದು ಹಿಡಿ. ಹಿಡಿ ಎಳೆದರೆ ಹೊಗೆ ಸೈಲೆನ್ಸರನ್ನು ಬಿಟ್ಟು ನೇರ ಹೊರಗೆ, ಗರ್ಜನೆಯ ಸಮೇತ. ಬಿಟ್ಟರೆ ಮತ್ತೆ ಬೆಕ್ಕು. ಕಾನೂನು ಏನನ್ನುತ್ತದೋ ನಾನು ವಿಚಾರಿಸಿಲ್ಲ. ಅತ್ತಿಗೆ ವಿಚಾರಿಸಿದ್ದು ಒಬ್ಬರನ್ನೇ. ಒಂದು ಡಬ್ಬಿ ಕೋಡುಬಳೆ ಹಿಡಿದು ಪಿಯಾನೊ ಟೀಚರ ಮನೆಗೆ ಹೋದರು. ಡಬ್ಬಿ ಹೊರಲು ನಾನು.

ಅತ್ತಿಗೆ ಅಣ್ಣನ ಕಣ್ಣಿನ ವಿಷಯ ಹೇಳಿದರು. ಆಮೇಲೆ ಮೂರು ಬೆರಳೆತ್ತಿ ಹೇಳಿದರು: "ದಿನಕ್ಕೆ ಮೂರೇ ಸೆಕೆಂಡು. ಬೀದಿಯ ತಿರುವಲ್ಲಿ. ನಾನು ಬಂದೆ ಅಂತ ಅವರಿಗೆ ಗೊತ್ತಾಗುವಷ್ಟು."

ಮುದುಕಿ ಡಬ್ಬಿ ತೆಗೆದುಕೊಂಡಳು. "ಸರಿ" ಎಂದಳು. "ಆದರೆ ಒಂದು ಷರತ್ತು. ಆಗಲೇ ಹೇಳಬೇಕೆಂದಿದ್ದೆ. ನಿಮ್ಮ ಎಂಜಿನ್ನು ಎಂಟರಲ್ಲಿ ಒಂದು ಪೆಟ್ಟು ತಪ್ಪಿಸುತ್ತದೆ. ಮೊದಲು ತಾಳ ಸರಿಮಾಡಿಸಿ. ಮೂರು ಸೆಕೆಂಡಾದರೂ ತಪ್ಪು ತಾಳ ನನ್ನಿಂದ ಕೇಳಲಾಗದು."

ಅತ್ತಿಗೆಗೆ ಅವಮಾನವಾಯಿತು. "ನನ್ನ ಎಂಜಿನ್ನಲ್ಲಿ ತಾಳ ತಪ್ಪುದಾ? ಪಿಯಾನೊದವರಿಗೆ ಎಂತ ಗೊತ್ತು?" ಎಂದು ಗೊಣಗುತ್ತ ಮನೆಗೆ ಬಂದು ಬಾನೆಟ್ ಎತ್ತಿದರು. ಆರನೆಯ ಪ್ಲಗ್ಗಿನ ತಂತಿ ಸಡಿಲವಾಗಿತ್ತು! ಈಗ ಏನನ್ನು ಬದಲಾಯಿಸಿದರೂ ಮೊದಲು ಪಕ್ಕದ ಮನೆಯ ಮುದುಕಿಗೆ ಕೇಳಿಸುತ್ತಾರೆ. ಆಕೆ ತನ್ನ ಬಾಗಿಲಲ್ಲಿ ಕಣ್ಮುಚ್ಚಿ ನಿಂತು ತಲೆದೂಗಿದರೆ ಪಾಸು.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ತರಕಾರಿಗೆ ರೇನರ್ಸ್ ಲೇನಿಗೆ ಬಂದವರು, "ಬಾ, ಕಾಫಿ ಕುಡಿದು ಹೋಗುವಿಯಂತೆ" ಎಂದು ನನ್ನನ್ನೂ ಕೂರಿಸಿಕೊಂಡರು. ಮೂಲಂಗಿ, ಕೊತ್ತಂಬರಿ, ಬಾಳೆಕಾಯಿಯ ಚೀಲ ನನ್ನ ತೊಡೆಯ ಮೇಲೆ. ಹೊಸ ಬ್ರೇಕು ಎಷ್ಟು ಚೆನ್ನಾಗಿದೆಯೆಂದು ತೋರಿಸಲು ದಾರಿಯಲ್ಲಿ ಎರಡು ಸಲ ನನ್ನನ್ನು ಗಾಜಿಗೆ ಮುತ್ತಿಕ್ಕಿಸಿದರು. ಬೀದಿಯ ತಿರುವು ಬಂತು. ಅತ್ತಿಗೆ ಮಾತು ನಿಲ್ಲಿಸಿ ಹಿಡಿ ಎಳೆದರು. ಎಂಟು ಸಿಲಿಂಡರು ಒಟ್ಟಿಗೆ ಬಾಯಿ ತೆರೆದವು. ಒಂದು, ಎರಡು, ಮೂರು. ಮತ್ತೆ ನಿಶ್ಶಬ್ದ.

ಕಾರು ಮನೆಯ ಎದುರು ನಿಂತಾಗ ಅಣ್ಣ ಬಾಗಿಲಿಗೆ ಬಂದಾಗಿತ್ತು. ಹೆಗಲ ಮೇಲೆ ಟವೆಲು, ನೆಟ್ಟಗೆ ಗೇಟಿನ ಕಡೆಗೆ ಮುಖ. ಅತ್ತಿಗೆ ಇಳಿದರು. ಗೇಟು ದಾಟಿ ನೇರ ಅವನ ಬಳಿಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಗೇಟಿನೊಳಗೆ ಕಾಲಿಟ್ಟು, ಎಡಕ್ಕೆ ಎರಡು ಹೆಜ್ಜೆ ಸರಿದು, ಬೇಲಿಯ ಗಿಡಗಳಿಗೆ ಒತ್ತಿಕೊಂಡು ಅಲ್ಲಾಡದೆ ನಿಂತರು. ಇವರಿಗೇನಾಯಿತು, ಬೇಲಿಯಲ್ಲಿ ಏನು ಹುಡುಕುತ್ತಿದ್ದಾರೆ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ.

ಅಣ್ಣ ಗೇಟನ್ನೇ ನೋಡುತ್ತ ನಕ್ಕ.

"ಹಾಂ, ಈಗ ಕಂಡಿ ನೀನು" ಎಂದ.

ನಾನು ಚೀಲ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕಾರಿನಲ್ಲೇ ಕುಳಿತಿದ್ದೆ.